ಲೋಬಾನದ ಸಸಿಗೆ ತುಂಬಿದ ಉಡಿ

ನಿವೃತ್ತಿಯಾದ ಮೇಲೆ ಕೆಲವರು ಭಜನೆಗೆ ಹತ್ತುತ್ತಾರೆ, ನಾನು ಗಿಡಕ್ಕೆ ಹತ್ತಿದೆ. ಬೈಲಹೊಂಗಲದ ನಮ್ಮ ಮನೆಯ ಮಾಳಿಗೆಯ ಮೇಲೆ ಕುಂಡಗಳು ವಾರ್ಡಿನ ಮಂಚಗಳ ಹಾಗೆ ಸಾಲಾಗಿ ನಿಂತಿವೆ. ನಸುಕಿನಲ್ಲಿ ಒಂದು ಸುತ್ತು, ಇಳಿಹೊತ್ತಿನಲ್ಲಿ ಒಂದು ಸುತ್ತು. ಒಂದನ್ನು ಮುಟ್ಟಿ ಇನ್ನೊಂದನ್ನು ಮುಟ್ಟುವ ಮೊದಲು ಕೈ ತೊಳೆಯುತ್ತೇನೆ. ಆಯುಷ್ಯವೆಲ್ಲ ನರ್ಸ್ ಆಗಿದ್ದವಳಿಗೆ ಬೇರೆ ರೀತಿ ಬರುವುದಿಲ್ಲ.

ಬೇಕೆಂದ ಗಿಡಗಳೆಲ್ಲ ಇದ್ದವು. ಒಂದು ಮಾತ್ರ ಇರಲಿಲ್ಲ.

ಹರೆಯದಲ್ಲಿ ಒಮಾನ್ ದೇಶದ ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡಿದ್ದೆ. ಹಾಸ್ಟೆಲಿನಲ್ಲಿ ನನ್ನ ಕೋಣೆಗೆ ಬಂದವಳು ರಾಮದುರ್ಗ ತಾಲೂಕಿನ ಸಾಲಹಳ್ಳಿಯವಳು. ಅಷ್ಟು ದೂರದಲ್ಲಿ ನಮ್ಮ ಸೀಮೆಯ ಮಾತು ಕಿವಿಗೆ ಬಿದ್ದದ್ದಕ್ಕೆ ಮೊದಲ ದಿನವೇ ಇಬ್ಬರೂ ಅತ್ತೆವು. ಊರಲ್ಲಿ ಬಾಣಂತಿಗೆ ಹೊಗೆ ಹಾಕುವ ಲೋಬಾನ ಅಲ್ಲಿಯ ಗುಡ್ಡದ ಗಿಡದ ಅಂಟು ಎಂದು ತಿಳಿದದ್ದು ಅಲ್ಲಿಯೇ. ಬೀಜ ತಂದು ಕಿಟಕಿಯ ಡಬ್ಬಿಯಲ್ಲಿ ಇಬ್ಬರೂ ಕೂಡಿ ಊರಿದೆವು. ಒಂದು ಮೊಳೆಯಿತು. ಪಾಳಿ ಮುಗಿಸಿ ಬಂದವರು ಮೊದಲು ಅದನ್ನು ನೋಡಬೇಕು, ಆಮೇಲೆ ಚಹಾ. ಕರಾರು ಮುಗಿದು ನಾನು ತಿರುಗಿ ಬಂದೆ. ಅವಳು ಅಲ್ಲಿಯವರನ್ನೇ ಮದುವೆಯಾಗಿ ಉಳಿದಳು. ಗಿಡ ಅವಳ ಅಂಗಳಕ್ಕೆ ಹೋಗಿ ಮರವಾಯಿತು.

ಕಳೆದ ವರ್ಷ ಅವಳ ಫೋನು ಬಂತು. "ಈ ಮನಿ ಬಿಡಾಕತ್ತೇವಿ. ಮೊಣಕಾಲು ಒಲ್ಲೆ ಅಂತಾವ. ಇನ್ನ ಮಗಳ ಫ್ಲ್ಯಾಟಿನ್ಯಾಗ. ಅಲ್ಲಿ ಅಂಗಳ ಇಲ್ಲ. ನಮ್ಮ ಗಿಡದ್ದು ಒಂದು ಸಸಿ ಎದ್ದೈತಿ, ನೀ ಒಯ್ತಿಯೇನು?"

"ಒಯ್ತೇನಿ" ಎಂದೆ. ಅವಳು ಮನೆ ಬಿಡುವುದರೊಳಗೆ ಸಸಿ ನನ್ನ ಕೈ ಸೇರಬೇಕು.

ಸೂಟ್‌ಕೇಸಿನಲ್ಲಿ ಸೀರೆಯ ನಡುವೆ ಮುಚ್ಚಿ ತರಿಸುವ ಜನರಿದ್ದಾರೆ. ಅದು ನನ್ನಿಂದಾಗದ ಮಾತು. ಹೊರದೇಶದ ಗಿಡಕ್ಕೆ ಸರಕಾರದ ಪರವಾನಗಿ ಬೇಕು, ಅರ್ಜಿಯನ್ನು ಕಂಪ್ಯೂಟರಿನಲ್ಲೇ ಹಾಕಬೇಕು. ಬಜಾರಿನಲ್ಲಿ ಹೊಲದ ಉತಾರ, ಆಧಾರ್ ಕಾರ್ಡು ಮಾಡಿಸಿಕೊಡುವವನ ಅಂಗಡಿಗೆ ಹೋದೆ.

"ನರ್ಸಬಾಯಾರ, ಮಂದಿ ಮಕ್ಕಳ ಪಾಸ್‌ಪೋರ್ಟ್ ಮಾಡಸಾಕ ಬರ್ತಾರ, ನೀವು ಗಿಡದ್ದು ಮಾಡಸಾಕ ಬಂದೀರಲ್ಲ!"

"ಬಾಯಿ ಆಮ್ಯಾಲೆ ನಡಸು, ಮೊದಲ ಕೈ ನಡಸು."

"ಕಂಪನಿ ಹೆಸರು ಕೇಳಾಕತ್ತೈತ್ರಿ."

"ಕಂಪನಿ ಇಲ್ಲ."

"ಮತ್ತ ಯಾತಕ್ಕ ತರಸಾಕತ್ತೀರಿ ಅಂತ ಬರೀಲಿ?"

"ಬೆಳಸಾಕ."

"ಬೆಳಸಿ?"

"ನೋಡಾಕ."

ಅವನು ನಗಲಿಲ್ಲ. ಹಾಗೆಯೇ ಹಾಕಿದ. ಅರ್ಜಿ ತಿರುಗಿ ಬಂತು. ಮತ್ತೆ ಹಾಕಿದೆವು, ಮತ್ತೆ ಬಂತು. ನೋಡಲಿಕ್ಕೆಂದು ಗಿಡ ತರಿಸುವವರು ಕಚೇರಿಗೆ ಅಪರೂಪವಿರಬೇಕು.

ಇನ್ನೊಂದು ಶರತ್ತಿತ್ತು. ಬಂದ ಗಿಡವನ್ನು ಕೆಲವು ತಿಂಗಳು ಉಳಿದವುಗಳಿಂದ ದೂರ, ಬಲೆ ಹೊದಿಸಿದ ಕೋಣೆಯಲ್ಲಿ ಇಡಬೇಕು. ಕೃಷಿ ವಿಶ್ವವಿದ್ಯಾಲಯದವರು ಬಂದು ಕೋಣೆ ನೋಡಿ ಒಪ್ಪಬೇಕು. ಇದನ್ನು ಓದಿದಾಗ ಉತ್ಸಾಹ ಬಂತು. ಸಾಂಕ್ರಾಮಿಕ ವಾರ್ಡು ನಡೆಸಿದವಳು ನಾನು. ನೇಸರಗಿಯ ಹಸಿರುಮನೆ ರೈತರೊಬ್ಬರಿಂದ ಸಣ್ಣ ಕಣ್ಣಿನ ಬಲೆ ತಂದೆ. ಕುಂಡಕ್ಕೆ ಸವದತ್ತಿ ಗುಡ್ಡದ ಗರಸು ಮಣ್ಣು ತರಿಸಿ ನೀರಲ್ಲಿ ಕುದಿಸಿದೆ. ಬಾಗಿಲಿಗೆ ಜೋಡಿ ಪರದೆ, ಹೊಸ್ತಿಲಲ್ಲಿ ಪಾದ ಅದ್ದಲು ಔಷಧದ ನೀರು.

ನೋಡಲು ಬಂದ ವಿಜ್ಞಾನಿ ಚಪ್ಪಲಿ ಕಳೆದು, ಪಾದ ಅದ್ದಿ, ಒಳಗೆಲ್ಲ ಕಣ್ಣಾಡಿಸಿದರು. "ಒಂದ ಸಸಿಗೆ ಇಷ್ಟೆಲ್ಲಾ ಏನ್ರಿ ಅಕ್ಕಾರ?"

"ಒಬ್ಬನ ಪೇಶಂಟ್ ಇದ್ರೂ ವಾರ್ಡ್ ವಾರ್ಡನ ಅಲ್ಲೇನ್ರಿ?"

ಒಪ್ಪಿಗೆ ಬರೆದುಕೊಟ್ಟರು. ಅದನ್ನು ಲಗತ್ತಿಸಿ ಮತ್ತೆ ಹಾಕಿದ ಅರ್ಜಿಗೆ ಪರವಾನಗಿಯೂ ಬಂತು.

ಅಂದೇ ಗೆಳತಿಗೆ ಫೋನು ಮಾಡಿ ಎಲ್ಲವನ್ನೂ ಒಪ್ಪಿಸಿದೆ. "ಬೇರು ತೊಳಿ, ಮಣ್ಣಿನ ಕಣಾನೂ ಇರಬಾರದು. ಹಸಿ ಅರಿವಿ ಸುತ್ತು. ನಿಮ್ಮಲ್ಲಿ ಸಾಹೇಬರು ನೋಡಿ ಗಿಡಕ್ಕ ರೋಗ ಇಲ್ಲ ಅಂತ ಸರ್ಟಿಫಿಕೇಟ್ ಕೊಡಬೇಕು."

"ಮಣ್ಣಿಲ್ಲದ? ನಮ್ಮ ಕಡೆ ಹಂಗ ಕಳಸ್ತಾರೇನು?"

ಕಳಿಸುವುದಿಲ್ಲ. ನಮ್ಮ ಕಡೆ ಹೆಣ್ಣುಮಕ್ಕಳು ಸಸಿ ಕೊಡುವಾಗ ಬುಡದ ಮಣ್ಣು ಸಹಿತ ಕೊಡುತ್ತಾರೆ. ತವರಿಂದ ಹೊರಟ ಮಗಳ ಸೆರಗಿಗೆ ಅಕ್ಕಿ, ಕೊಬ್ಬರಿ, ಕುಬಸದ ಖಣ ಹಾಕಿ ಉಡಿ ತುಂಬುತ್ತೇವಲ್ಲ, ಹಾಗೆ.

"ಸರಕಾರಕ್ಕ ಉಡಿ ಗಿಡಿ ಗೊತ್ತಿಲ್ಲ. ಹೇಳಿದಷ್ಟ ಮಾಡು."

"ಇನ್ನೂ ಇನ್‌ಚಾರ್ಜ್ ಸಿಸ್ಟರ್ ಗತೇನ ಮಾತಾಡ್ತಿ ನೋಡವಾ" ಎಂದು ನಕ್ಕಳು.

ಸಸಿ ವಿಮಾನದಲ್ಲಿ ಬೆಂಗಳೂರಿಗೆ ಬಂತು. ಬೆಳಗ್ಗೆಯೇ ಕೋಣೆ ಒರೆಸಿ, ಕುಂಡ ತುಂಬಿ ಫೋನಿನ ಮುಂದೆ ಕುಳಿತೆ. ಅಲ್ಲಿ ಗಿಡ ತಪಾಸಣೆ ಮಾಡುವ ಅಧಿಕಾರಿಯ ಕರೆ ಬಂತು. ಸೌಮ್ಯವಾಗಿ ಮಾತಾಡಿದರು.

"ಮೇಡಂ, ಗಿಡ ಚೆನ್ನಾಗಿದೆ, ಕಾಗದಪತ್ರ ಎಲ್ಲ ಸರಿಯಿದೆ. ಆದರೆ ಪೆಟ್ಟಿಗೆಯ ತಳದಲ್ಲಿ ಒಂದು ಬಟ್ಟೆಯ ಗಂಟಿದೆ. ಜರಿ ಅಂಚಿನ ಬಟ್ಟೆ. ಬಿಚ್ಚಿದರೆ ಮಣ್ಣು."

ಅದು ಕುಬಸದ ಖಣವೇ ಎಂದು ತಿಳಿಯಿತು.

"ಮಣ್ಣು ಒಳಗೆ ಬರುವ ಹಾಗಿಲ್ಲ ಮೇಡಂ. ಅದರ ಜೊತೆಗಿದ್ದ ಗಿಡವೂ ಬರುವ ಹಾಗಿಲ್ಲ. ವಾಪಸ್ ಕಳಿಸಬೇಕು, ಇಲ್ಲವೇ ಸುಡಬೇಕು. ನೀವು ಹೇಳಿ."

ಬರಿ ಬೇರಿನ ಸಸಿ ಇನ್ನೊಂದು ಪಯಣ ತಾಳುವುದಿಲ್ಲ. ಸೋಂಕು ಕಣ್ಣಿಗೆ ಕಾಣುವುದಿಲ್ಲವೆಂದು ಎಷ್ಟೋ ತಾಯಂದಿರನ್ನು ಮಕ್ಕಳ ವಾರ್ಡಿನ ಬಾಗಿಲಲ್ಲಿ ತಡೆದವಳು ನಾನು. ಏನೆಂದು ವಾದಿಸಲಿ? "ಸುಡ್ರಿ" ಎಂದೆ.

ಗೆಳತಿಗೆ ಅಡ್ಡಮಾತಿಲ್ಲದೆ ಹೇಳಿದೆ.

"ಪೆಟಗಿ ಮುಚ್ಚುವಾಗ ಕೈ ತಡೀಲಿಲ್ಲ. ಅದು ಇಲ್ಲಿ ಮಣ್ಣಲ್ಲ. ಮದುವಿ ಆದ ವರ್ಷ ಊರಿಗೆ ಬಂದಾಗ ನಮ್ಮ ಹೊಲದ ಎರಿಮಣ್ಣು ತಂದು ಡಬ್ಬಿಯೊಳಗ ಇಟ್ಟಿದ್ದೆ. ನನಗಂತೂ ಇನ್ನ ಬರೂದು ಆಗೂದಿಲ್ಲ, ಅದಾದ್ರೂ ಊರ ಮುಟ್ಟಲಿ ಅಂತ ಗಿಡದ ಉಡಿಗೆ ಕಟ್ಟಿದೆ."

"ಸ್ವಲ್ಪಾದ್ರೂ ಇಟಗೊಂಡಿಯೇನು?"

"ಎಲ್ಲಾ ಕಟ್ಟಿದ್ದೆ."

ಗಿಡಕ್ಕಾಗಿ ಹಂಬಲಿಸಿದವಳು ನಾನೊಬ್ಬಳೇ ಎಂದುಕೊಂಡಿದ್ದೆ.

ಮರುವಾರ ರಾಮದುರ್ಗದ ಕಡೆಯ ಬಸ್ಸು ಹಿಡಿದು ಸಾಲಹಳ್ಳಿಗೆ ಹೋದೆ. ಅವಳ ತವರಿನ ಹೊಲ ಈಗ ಬೇರೆಯವರದು. ಬದುವಿನಲ್ಲಿ ಕುಳಿತಿದ್ದ ಯಜಮಾನರು ವಿಷಯ ಕೇಳಿ, "ಹೋಗ್ರಿ, ಹೋಗ್ರಿ, ಮಣ್ಣ ನೋಡಾಕ ಯಾರ ಪರವಾನಗಿ?" ಎಂದರು. ಕಡಲೆ ಕಿತ್ತಾಗಿತ್ತು, ಹೊಲ ಬಿರುಕು ಬಿಟ್ಟಿತ್ತು. ಗೆಳತಿಗೆ ವಿಡಿಯೋ ಕಾಲ್ ಮಾಡಿ ಫೋನನ್ನು ಮುಂದೆ ಹಿಡಿದೆ. ಬೇವಿನ ಗಿಡ ಎಲ್ಲಿ, ಬಾವಿ ಎಲ್ಲಿ ಎಂದು ಕೇಳುತ್ತ ಹೋದಳು. ಬೇವು ಇತ್ತು, ಬಾವಿ ಮುಚ್ಚಿದ್ದರು.

"ಕೆಳಗ ಹಿಡಿ. ಇನ್ನಷ್ಟು ಕೆಳಗ."

ಮೊಣಕಾಲೂರಿ ಫೋನನ್ನು ನೆಲಕ್ಕೆ ಹತ್ತಿಸಿದೆ.

"ಏನೂ ಕಾಣವಲ್ದು. ಬರೇ ಕರ್ರಗ ಐತಿ."

"ಅದ ಮಣ್ಣು."

ಬೆಳಕು ಬೀಳಲೆಂದು ಫೋನನ್ನು ಮೇಲೆತ್ತಹೋದೆ.

"ತಗೀಬ್ಯಾಡ" ಎಂದಳು. "ಹಂಗ ಹಿಡಿ."