ದ್ರಾಕ್ಷಿ ತುಳಿಯಹೊರಟ ಕಾರು

"ಹೊಸ ಗಾಡಿ, ಪೂಜೆ ಇಲ್ದೆ ಹೆಂಗೆ ಹೊರಡ್ತೈತೆ?" ಎನ್ನುತ್ತಾ ನಮ್ಮತ್ತೆ ಅಂಗೈಯುದ್ದದ ಕೆಂಪು ಕಾರಿಗೆ ಕುಂಕುಮ ಹಚ್ಚಿ, ಚಕ್ರದ ಕೆಳಗಿಡಲು ನಿಂಬೆಹಣ್ಣು ತಂದರು. ಹಣ್ಣು ಚಕ್ರಕ್ಕಿಂತ ದಪ್ಪವಿತ್ತು. ಅವರು ಬಿಡಲಿಲ್ಲ. ಒಳಗೆ ಹೋಗಿ ದ್ರಾಕ್ಷಿ ತಂದು ಚಕ್ರಕ್ಕೊಂದರಂತೆ ಇಟ್ಟರು.

ಬಿಡಿಭಾಗ ಜೋಡಿಸಿ ಮಾಡುವ ಈ ಪ್ಲಾಸ್ಟಿಕ್ ಮಾದರಿ ಕಾರನ್ನು ನನ್ನ ಗಂಡ ಮದುವೆಗೆ ಮುಂಚೆ ಶುರುಮಾಡಿ, ಅರ್ಧಕ್ಕೇ ಬಿಟ್ಟು ಸಜ್ಜೆಯ ಮೇಲೆ ಎಸೆದಿದ್ದರು. ಧೂಳು ತೊಳೆದು, ಬಣ್ಣ ಬಳಿದು, ಕಳೆದುಹೋಗಿದ್ದ ಸ್ಟಿಯರಿಂಗ್ ಜಾಗಕ್ಕೆ ಅಂಗಿಯ ಗುಂಡಿ ಅಂಟಿಸಿ ಮುಗಿಸಿದವಳು ನಾನು. ಚಕ್ರಗಳ ಅಂಟು ಇನ್ನೂ ಒಣಗಿರಲಿಲ್ಲ.

ಪೂಜೆ ನೋಡಲು ಬಂದಿದ್ದ ಪಕ್ಕದ ಮನೆಯ ಗಂಗಕ್ಕ, "ಭಾಳ ಚೆನ್ನಾಗೈತೆ, ಯಾರು ಮಾಡಿದ್ದು?" ಎಂದರು.

"ನಾನೇ ಗಂಗಕ್ಕ, ಹಳೇ ಹುಚ್ಚು" ಎಂದು ನನ್ನ ಗಂಡ ಮೀಸೆ ತಿರುವಿದರು.

ಅಂಟು ಹಸಿಯಿದೆ ಎಂದು ಹೇಳಹೊರಟಿದ್ದವಳು ಕಾರಿಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿದೆ.

ಅವರು ಗತ್ತಿನಿಂದ ಕಾರನ್ನು ಮುಂದಕ್ಕೆ ತಳ್ಳಿದರು. ದ್ರಾಕ್ಷಿ ಅಪ್ಪಚ್ಚಿಯಾಗಲಿಲ್ಲ. ಮುಂದಿನ ಚಕ್ರವೊಂದು ಕಳಚಿಕೊಂಡು, ಪಡಸಾಲೆಯುದ್ದಕ್ಕೂ ಉರುಳಿ ಗಂಗಕ್ಕನ ಕಾಲಬಳಿ ಮಲಗಿತು.

"ಚಕ್ರ ಎಲ್ಲಾ ಇವಳೇ ಅಂಟಿಸಿದ್ದು" ಎಂದರು ನನ್ನ ಗಂಡ.

ಕಾರು ಈಗ ಟಿವಿ ಪಕ್ಕದಲ್ಲಿ ಮೂರೇ ಚಕ್ರದ ಮೇಲೆ ನಿಂತಿದೆ. ಭರಮಸಾಗರದ ನಮ್ಮ ಮನೆಗೆ ಯಾರೇ ಬಂದರೂ, ಅದನ್ನು ಮಾಡಿದವಳು ಇವಳೇ ಎಂದು ಅವರು ತಪ್ಪದೆ ತೋರಿಸುತ್ತಾರೆ. ನಾಲ್ಕನೆಯ ಚಕ್ರ ನನ್ನ ಹೊಲಿಗೆ ಡಬ್ಬಿಯಲ್ಲಿ ಭದ್ರವಾಗಿದೆ. ಅಂಟಿಸಿದರೆ ಕಾರು ಮತ್ತೆ ಅವರದಾಗಿಬಿಡುತ್ತದೆ.