ಬಡತನ ನೋಡಲು ಬಂದವರು

ಬೆಳಗ್ಗೆ ಎದ್ದು ದೇವರಿಗೆ ಕೈಮುಗಿದ ಮೇಲೆ ಜಿಪ್ಪಮ್ಮ ಮಾಡುವ ಮೊದಲ ಕೆಲಸ ಮೊಮ್ಮಗಳನ್ನು ಬೈಯುವುದು. ಜೋರಾಗಿ ಅಲ್ಲ, ಪಿಸುಮಾತಿನಲ್ಲಿ. ಮಗು ಗೋಡೆಗೆ ಮುಖ ಮಾಡಿ ಹಲ್ಲುಜ್ಜುತ್ತಿರುವಾಗ ಹಿಂದಿನಿಂದ ಬೆಕ್ಕಿನ ಹಾಗೆ ಹೋಗಿ, "ಲೇ ಗೂಬೆ, ನಿನ್ನ ತಲೇಲಿ ಕಾಗೆ ಗೂಡು ಕಟ್ಟಿದ್ಯಾ?" ಎನ್ನುತ್ತಾಳೆ. ಮೊದಲೆಲ್ಲ ಮಗು ಬಾಯಿತುಂಬ ನೊರೆ ಇಟ್ಟುಕೊಂಡೇ ತಿರುಗಿ, "ನೀನೇ ಗೂಬೆ" ಎಂದು ಅಜ್ಜಿಯ ಸೀರೆಗೆಲ್ಲ ನೊರೆ ಸಿಡಿಸುತ್ತಿತ್ತು. ಜ್ವರ ಬಂದರೂ, ಮನೆಯಲ್ಲಿ ಜಗಳವಾಗಿ ಯಾರೂ ಯಾರ ಜೊತೆಯೂ ಮಾತಾಡದಿದ್ದರೂ, ಈ ಬೈಗುಳ ತಪ್ಪುತ್ತಿರಲಿಲ್ಲ. ಈಚೆಗೆ ಮಗು ತಿರುಗುವುದು ನಿಂತಿತ್ತು. ಜಿಪ್ಪಮ್ಮ ಸ್ವಲ್ಪ ಹೊತ್ತು ಕಾದು, ಹತ್ತಿರ ಹೋಗಿ ಭುಜ ಮುಟ್ಟಿ, ಅದೇ ಬೈಗುಳವನ್ನು ಜೋರಾಗಿ ಹೇಳುತ್ತಿದ್ದಳು.

ಮಗುವಿಗೆ ಎರಡೂ ಕಿವಿ ಸೋರುತ್ತಿದ್ದವು. ದೊಡ್ಡಾಸ್ಪತ್ರೆಯ ಡಾಕ್ಟರು ದೀಪ ಬಿಟ್ಟು ನೋಡಿ, "ಒಳಗಿನ ತಮಟೆ ತೂತಾಗಿದೆ, ತೇಪೆ ಹಾಕಬೇಕು. ತಡ ಮಾಡಿದಷ್ಟೂ ಕಷ್ಟ" ಎಂದಿದ್ದರು. ತೇಪೆ ಎಂದಾಗ ಜಿಪ್ಪಮ್ಮನಿಗೆ ಅರ್ಧ ಧೈರ್ಯ ಬಂತು. ತೇಪೆ ಅವಳ ಕಸುಬಿನ ಮಾತು. ಬಟ್ಟೆ ಸಿಕ್ಕರೆ ನಾನೇ ಹಾಕಿಬಿಡುತ್ತಿದ್ದೆ, ಜಾಗ ಸಣ್ಣದಾಯಿತು ಅಷ್ಟೇ ಎಂದು ಮನೆಗೆ ಬಂದು ನಗಿಸಿದಳು.

ಅವಳಿಗೆ ಜಿಪ್ಪಮ್ಮ ಎಂಬ ಹೆಸರು ಬಂದದ್ದು ಕಸುಬಿನಿಂದಲೇ. ಗಂಡ ಛತ್ರಿ, ಸ್ಟೌ ರಿಪೇರಿ ಮಾಡುತ್ತಿದ್ದ. ಅವನು ಹೋದ ಮೇಲೆ ಅವನ ಪೆಟ್ಟಿಗೆಯ ಜೊತೆ ಮಾರ್ಕೆಟ್ಟಿನ ಮೂಲೆಯ ಅವನ ಜಾಗವೂ ಇವಳಿಗೆ ಬಂತು. ಸ್ಟೌಗೆ ಹೆದರಿದಳು, ಛತ್ರಿ ಕೈಗೆ ಹತ್ತಲಿಲ್ಲ, ಜಿಪ್ಪು ಒಲಿಯಿತು. ಶಾಲೆಯ ಚೀಲ, ಮಳೆ ಕೋಟು, ಪರ್ಸು, ಬಾಯಿ ಬಿಟ್ಟುಕೊಂಡು ಬಂದದ್ದೆಲ್ಲ ಬಾಯಿ ಮುಚ್ಚಿಕೊಂಡು ಹೋಗುತ್ತಿತ್ತು. "ಬಾಯಿ ಮುಚ್ಚಿಸೋದೇ ನನ್ನ ಉದ್ಯೋಗ" ಎಂದು ಗಿರಾಕಿಗಳ ಹತ್ತಿರ ಹೇಳಿಕೊಳ್ಳುವಳು. "ಹೌದು, ನಮ್ಮತ್ತೆ ಎಲ್ಲರ ಬಾಯಿನೂ ಮುಚ್ಚಿಸ್ತಾರೆ, ಒಂದೇ ಒಂದು ಬಾಯಿ ಬಿಟ್ಟು" ಎಂದು ಸೊಸೆ ಹೇಳಿದರೆ ಮಗ ಮುಖ ಆಚೆ ತಿರುಗಿಸಿ ನಗುವನು.

ಆಪರೇಷನ್ನಿನ ಖರ್ಚು ಇವರ ಕೈಗೆ ಎಟುಕುವ ಮಾತಲ್ಲ. ಕಡಿಮೆ ಸಂಪಾದನೆಯ ಮನೆಯ ಮಕ್ಕಳಿಗೆಂದು ಸರ್ಕಾರದ ಆರೋಗ್ಯ ವಿಮೆ ಇತ್ತು, ಮಗು ಹುಟ್ಟಿದಾಗಿನಿಂದ ಅದರ ಕಾರ್ಡೂ ಇತ್ತು. ಪ್ರತಿ ವರ್ಷ ಆಫೀಸಿಗೆ ಹೋಗಿ ಹೊಸದು ಮಾಡಿಸುತ್ತಿದ್ದರು. ಈ ಸಲ ಅಲ್ಲಿ ಸಣ್ಣ ತೊಡಕಾಯಿತು. ಬ್ರೆಡ್ಡು ಫ್ಯಾಕ್ಟರಿಯಲ್ಲಿ ಮೂಟೆ ಹೊರುತ್ತಿದ್ದ ಮಗ ಒಲೆಯ ಕೆಲಸಕ್ಕೆ ಏರಿದ್ದ, ಸಂಬಳ ಒಂದು ಕೂದಲೆಳೆಯಷ್ಟು ಹೆಚ್ಚಾಗಿತ್ತು. ಸಂಬಳ ಬದಲಾದರೆ ಆಫೀಸಿನವರು ಮನೆಗೇ ಬಂದು ಸ್ಥಿತಿಗತಿ ನೋಡಿ ಬರೆಯಬೇಕಂತೆ. ಹಳೆಯ ಕಾರ್ಡು ತಿಂಗಳ ಕೊನೆಗೆ ಮುಗಿಯುತ್ತಿತ್ತು, ಆಪರೇಷನ್ನು ಅದಾದ ಮರುವಾರ. ಬಂದವನು ಕಾರ್ಡು ಬೇಡವೆಂದು ಬರೆದರೆ ತೇಪೆಯೂ ಇಲ್ಲ, ಏನೂ ಇಲ್ಲ.

ಇಲ್ಲಿ ಆ ಬೀದಿಯ ಒಂದು ರೂಢಿ ಹೇಳಬೇಕು. ಆ ಬೀದಿಯಲ್ಲಿ ಯಾರ ಮನೆಯಲ್ಲೂ ಎಲ್ಲ ಸಾಮಾನೂ ಇರಲಿಲ್ಲ, ಆದರೆ ಬೀದಿಯಲ್ಲಿ ಎಲ್ಲ ಸಾಮಾನೂ ಇತ್ತು. ಒಳ್ಳೆಯ ಸೋಫಾ ರಿಟೈರಾದ ಡ್ರೈವರ್ ಮಾವನದು. ಹೂವಿನ ಪರದೆ ಮತ್ತು ಗಾಜಿನ ಲೋಟದ ಸೆಟ್ಟು ಪಾರ್ಲರ್ ಅಕ್ಕನದು. ಫ್ರಿಜ್ಜು ಮೆಕ್ಯಾನಿಕ್ಕನದು, ಅದಕ್ಕೆ ಅವನೇ ಚಕ್ರ ಹಾಕಿದ್ದ. ಯಾರ ಮನೆಗೆ ದೊಡ್ಡ ಮನುಷ್ಯರು ಬಂದರೂ ಕೇಳುವ ಮೊದಲೇ ಎಲ್ಲವೂ ಆ ಮನೆಗೆ ನಡೆದು ಬರುತ್ತಿತ್ತು. ನಿಯಮ ಒಂದೇ. ಬಂದವರು ಹೋದ ಕೂಡಲೇ ಮನೆಯವರು ಬಾಗಿಲಲ್ಲಿ ನಿಂತು "ಹೊರಟ್ರು!" ಎಂದು ಕೂಗಬೇಕು, ಕೂಗಿದ ಮರುಗಳಿಗೆ ಅವರವರ ಸಾಮಾನು ಅವರವರು ಹೊತ್ತೊಯ್ಯಬೇಕು.

ತನಿಖೆಯವನು ಮಧ್ಯಾಹ್ನ ಬರುತ್ತೇನೆಂದು ಫೋನು ಮಾಡಿದಾಗ ಮನೆಯಲ್ಲಿದ್ದವಳು ಸೊಸೆ. ಗಾಬರಿಯಲ್ಲಿ ಅವಳು ಕಿಟಕಿಯಿಂದಲೇ ಪಾರ್ಲರ್ ಅಕ್ಕನಿಗೆ, "ಅಕ್ಕಾ, ದೊಡ್ಡ ಆಫೀಸರ್ ಬರ್ತಾರಂತೆ" ಎಂದಳು. ಅಷ್ಟು ಸಾಕಾಯಿತು.

ಸುದ್ದಿ ತಿಳಿದು ಜಿಪ್ಪಮ್ಮ ಪೆಟ್ಟಿಗೆ ಕಟ್ಟಿಕೊಂಡು ಓಡಿ ಬಂದಳು. ಬಾಗಿಲಲ್ಲಿ ನಿಂತವಳಿಗೆ ಬೇರೆಯವರ ಮನೆಗೆ ಬಂದೆನೇನೋ ಅನ್ನಿಸಿತು. ಗೋಡೆಗೆ ಒರಗಿ ಸೋಫಾ ಕೂತಿತ್ತು. ಕಿಟಕಿಯಲ್ಲಿ ಹೂವಿನ ಪರದೆ. ಮೂಲೆಯಲ್ಲಿ ಬೆಳ್ಳಗೆ, ಮದುಮಗನ ಹಾಗೆ, ಫ್ರಿಜ್ಜು.

"ಅಯ್ಯೋ ನಿನ್ನ! ಇದೇನೇ ಇದು?"

"ನಾನೇನೂ ಕೇಳ್ಲಿಲ್ಲ ಅತ್ತೆ, ಅವರೇ ತಂದಿಟ್ರು. ಬೇಡ ಅಂದ್ರೆ ಬೇಜಾರು ಮಾಡ್ಕೊಳಲ್ವಾ?"

"ಬರ್ತಿರೋರು ನೆಂಟಸ್ತನ ನೋಡೋಕಲ್ಲ ಕಣೇ, ಬಡತನ ನೋಡೋಕೆ!"

ಸೊಸೆ ಸೋಫಾದ ಕಡೆ ಓಡಿದಳು. ಇಬ್ಬರೂ ಸೇರಿ ಸೋಫಾದ ಒಂದು ತುದಿ ಎತ್ತಿದ್ದರು, ಅಷ್ಟರಲ್ಲಿ ಬಾಗಿಲಲ್ಲಿ, "ಮನೇಲಿ ಯಾರಿದ್ದೀರಾ?" ಎಂಬ ದನಿ ಕೇಳಿತು. ಎತ್ತಿದ ಸೋಫಾ ಹಾಗೇ ಕೆಳಗಿಳಿಯಿತು.

ದೊಡ್ಡ ಆಫೀಸರ್ ಎಂದರೆ ಇನ್ನೂ ಮೀಸೆ ಸರಿಯಾಗಿ ಮೂಡದ ಹುಡುಗ. ಅಂಗಿಯೊಳಗೆ ಇನ್ನೊಬ್ಬ ಹಿಡಿಸುವಷ್ಟು ಸಪೂರ. ಅವನ ಚೀಲದ ಜಿಪ್ಪು ಕಿತ್ತು, ಕಾಗದಗಳು ಹೊರಗೆ ಇಣುಕುತ್ತಿದ್ದವು. ಅದನ್ನು ನೋಡಿ ಜಿಪ್ಪಮ್ಮನ ಬೆರಳು ತುರಿಸಿದವು. ಆದರೆ ಸಹಿ ಬೀಳುವ ಮೊದಲು ಅದನ್ನು ಮುಟ್ಟಿದರೆ ಲಂಚವಾದೀತು ಎಂದು ಕೈಯನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡಳು.

ಹುಡುಗ ಸೋಫಾದಲ್ಲಿ ಕೂತ. ಸೊಸೆ ಅಭ್ಯಾಸಬಲದಿಂದ ಗಾಜಿನ ಲೋಟದಲ್ಲಿ ತಣ್ಣನೆಯ ಶರಬತ್ತು ತಂದುಕೊಟ್ಟಳು. ಜಿಪ್ಪಮ್ಮ ಕಣ್ಣಲ್ಲೇ ಅವಳನ್ನು ಸುಟ್ಟಳು.

"ಸೋಫಾ. ಫ್ರಿಜ್ಜು" ಎಂದು ಹುಡುಗ ಬರೆದುಕೊಳ್ಳತೊಡಗಿದ. "ಅಮ್ಮಾ, ನೀವು ಬೀದಿ ಬದಿಯಲ್ಲಿ ಜಿಪ್ಪು ರಿಪೇರಿ ಅಂತ ಬರೆಸಿದ್ದೀರಿ."

"ಹೌದು ಸಾರ್. ಇವೆಲ್ಲ ನಮ್ಮದಲ್ಲ. ನೀವು ಬರ್ತೀರಂತ ಅಕ್ಕಪಕ್ಕದೋರು ತಂದಿಟ್ಟಿದ್ದು."

ಹುಡುಗ ಪೆನ್ನು ಕೆಳಗಿಟ್ಟ. "ನಾನು ಬರ್ತೀನಿ ಅಂದ್ರೆ ಜನ ತಮ್ಮ ಮನೆ ಸಾಮಾನನ್ನ ಪಕ್ಕದ ಮನೇಲಿ ಬಚ್ಚಿಡ್ತಾರೆ ಅಮ್ಮಾ. ಪಕ್ಕದ ಮನೇದನ್ನ ತಂದು ತಮ್ಮ ಮನೇಲಿ ಇಡೋರನ್ನ ನಾನೆಲ್ಲೂ ಕಂಡಿಲ್ಲ. ಸುಳ್ಳಾದ್ರೂ ಸ್ವಲ್ಪ ನೆಟ್ಟಗೆ ಹೇಳಬಾರದಾ?"

ಇಷ್ಟು ವರ್ಷದಲ್ಲಿ ಜಿಪ್ಪಮ್ಮನ ಬಾಯಿ ಮುಚ್ಚಿಸಿದವನು ಇವನೊಬ್ಬನೇ. ಮಗು ನೆಲದ ಮೇಲೆ ಬೆನ್ನು ಹಾಕಿ ಕೂತು ಚಿತ್ರ ಬಿಡಿಸುತ್ತಿತ್ತು. ಹುಡುಗ, "ಇವಳೇನಾ? ಏ ಪುಟ್ಟಿ" ಎಂದು ಕರೆದ. ಇನ್ನೊಮ್ಮೆ ಜೋರಾಗಿ ಕರೆದ. ಮಗು ಬಣ್ಣದ ಕಡ್ಡಿ ಬದಲಾಯಿಸಿತೇ ಹೊರತು ತಿರುಗಲಿಲ್ಲ. ಅವನು ಮೆಲ್ಲಗೆ, "ನೋಡಿ ಅಮ್ಮಾ, ಮಗು ವಿಷಯ ನನಗೂ ಸಂಕಟವೇ. ಆದ್ರೆ ಕಣ್ಣಿಗೆ ಕಂಡದ್ದನ್ನ ಬರೀಬೇಕಲ್ಲ" ಎಂದ.

ಕಣ್ಣಿಗೆ ಕಂಡದ್ದು! ಜಿಪ್ಪಮ್ಮ ಎದ್ದಳು. ಒಂದು ಸುಳ್ಳು ಹೇಳಬೇಕಾಗಿತ್ತು, ಅದೂ ಸತ್ಯ ತೋರಿಸುವುದಕ್ಕೆ. ಮೇಲಿರುವವನಿಗೆ ಮನಸ್ಸಿನಲ್ಲೇ, ಇದೊಂದು ಲೆಕ್ಕಕ್ಕೆ ಹಿಡಿಯಬೇಡಪ್ಪಾ ಎಂದು ಕೇಳಿಕೊಂಡು, ಬಾಗಿಲಿಗೆ ಹೋಗಿ, ಬೀದಿಗೆಲ್ಲ ಕೇಳುವ ಹಾಗೆ ಕೂಗಿದಳು. "ಹೊರಟ್ರು!"

ಮೊದಲು ಬಂದವನು ಮೆಕ್ಯಾನಿಕ್ಕು. ಯಾರನ್ನೂ ನೋಡದೆ ನೇರ ಮೂಲೆಗೆ ಹೋಗಿ ಫ್ರಿಜ್ಜನ್ನು ಹಸುವಿನ ಹಾಗೆ ಹೊಡೆದುಕೊಂಡು ಹೊರಟ. ಹಿಂದೆಯೇ ಪಾರ್ಲರ್ ಅಕ್ಕ ಬಂದು ಪರದೆ ಕಳಚಿ ಹೆಗಲಿಗೆ ಹಾಕಿಕೊಂಡಳು. ಲೋಟ ಎಣಿಸಿದಳು, ಒಂದು ಕಡಿಮೆಯಿತ್ತು. ಅದು ಹುಡುಗನ ಕೈಯಲ್ಲಿತ್ತು.

"ಬೇಗ ಕುಡಿದು ಕೊಡಪ್ಪಾ, ಒಂದು ಹೋದ್ರೆ ಸೆಟ್ಟೇ ಕೆಡುತ್ತೆ."

ಹುಡುಗ ಗಟಗಟ ಕುಡಿದು ಕೊಟ್ಟ. ಅಷ್ಟರಲ್ಲಿ ಡ್ರೈವರ್ ಮಾವ ಅಳಿಯನ ಜೊತೆ ಬಂದು ಸೋಫಾದ ತುದಿ ಹಿಡಿದಿದ್ದ. "ಸ್ವಲ್ಪ ಏಳು ಮಗಾ. ಯಾರ ಮನೆಯವನು ನೀನು? ಆಫೀಸರ್ ಹೇಗಿದ್ದ? ತುಂಬ ತಲೆ ತಿಂದ್ನಾ?"

"ತಿಂದ" ಎಂದು ಹುಡುಗ ಎದ್ದು ನಿಂತ. "ಈ ಸೋಫಾ ಯಾರದು?"

"ನಂದೇ. ಯಾಕೆ, ನಿಮ್ಮನೇಲೂ ಯಾರಾದ್ರೂ ಬರ್ತಾರಾ? ಮೊದಲೇ ಹೇಳ್ಬೇಕು, ನಾಳೆಗೆ ಆಚೆ ಮನೆಯೋರು ಹೇಳಿಟ್ಟಿದ್ದಾರೆ."

ಮಾವ ಸೋಫಾ ಹೊರಿಸಿಕೊಂಡು ನಡೆದ. ಕೋಣೆಯಲ್ಲಿ ಉಳಿದದ್ದು ಒಂದು ಚಾಪೆ, ಒಂದು ಟ್ರಂಕು, ಜಿಪ್ಪಮ್ಮನ ಪೆಟ್ಟಿಗೆ, ಬೆನ್ನು ಹಾಕಿ ಕೂತ ಮಗು. ಇಷ್ಟೆಲ್ಲ ಗಲಾಟೆ ನಡೆದರೂ ಅದು ತಲೆ ಎತ್ತಿರಲಿಲ್ಲ. ಮಧ್ಯದಲ್ಲಿ ನಿಂತ ಹುಡುಗ ಖಾಲಿ ಮೂಲೆ ನೋಡಿದ, ಖಾಲಿ ಕಿಟಕಿ ನೋಡಿದ. ಕೊನೆಗೆ ನಗು ತಡೆಯಲಾರದೆ ಚಾಪೆಯ ಮೇಲೆ ಕುಕ್ಕರಿಸಿದ. ಸೊಸೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅಳುತ್ತಿದ್ದಳೋ ನಗುತ್ತಿದ್ದಳೋ ಅವಳಿಗೇ ತಿಳಿಯದು. ಬರೆದದ್ದನ್ನು ಹೊಡೆದುಹಾಕಿ, ಕಂಡದ್ದನ್ನು ಕಂಡ ಹಾಗೆ ಬರೆದು, ಅವನು ಸಹಿ ಮಾಡಿದ.

"ಕಾರ್ಡು ವಾರದೊಳಗೆ ಬರುತ್ತೆ. ಆಪರೇಷನ್ ದಿನ ಮುಂದೂಡಬೇಡಿ."

"ಈಗ ಕೊಡು ಇಲ್ಲಿ" ಎಂದು ಜಿಪ್ಪಮ್ಮ ಅವನ ಚೀಲ ಕಿತ್ತುಕೊಂಡಳು. ಸಹಿಯ ಜೊತೆಗೆ ಅವಳ "ಸಾರ್" ಕೂಡ ಮುಗಿದಿತ್ತು. ಜಿಪ್ಪಿನ ಹಳೆಯ ರನ್ನರ್ ತೆಗೆದು ಹೊಸದು ಕೂರಿಸಿ, ಇಕ್ಕಳದಲ್ಲಿ ಒತ್ತಿ, ಮೇಣ ಸವರಿ ಎಳೆದಳು. ಚೀಲದ ಬಾಯಿ ಮುಚ್ಚಿತು. ಹುಡುಗ ಕೊಟ್ಟ ಕೂಲಿಯನ್ನು ಮಾಮೂಲಿ ಗಿರಾಕಿಯದೆಂಬಂತೆ ತೆಗೆದುಕೊಂಡು ಸೊಂಟಕ್ಕೆ ಸಿಕ್ಕಿಸಿದಳು.

ಬಾಗಿಲಲ್ಲಿ ಹುಡುಗ ನಿಂತ. "ಅಜ್ಜೀ, ಮುಂದಿನ ವರ್ಷ ನಾನು ಬರಲ್ಲ. ನಿಮ್ಮ ಮನೆ ನೋಡೋದೇನಿದೆ? ಆಫೀಸಲ್ಲೇ ಕೂತು ಬರೆದು ಕಳಿಸ್ತೀನಿ, ನೀವು ಅಲೆಯೋದೂ ತಪ್ಪುತ್ತೆ."

ಸೊಸೆಯ ಮುಖ ಅರಳಿತು. ಜಿಪ್ಪಮ್ಮ ಕೈಯಾಡಿಸಿದಳು.

"ಬೇಡ ಮಗಾ. ಬಡತನ ಏನು ಪೆನ್ಷನ್ನಾ, ವರ್ಷವರ್ಷ ತಾನಾಗೇ ಬರೋಕೆ? ನನ್ನ ಮಗ ಒಲೆ ಕೆಲಸದಲ್ಲಿದ್ದಾನೆ, ನಾಳೆ ಮೇಸ್ತ್ರಿನೂ ಆದಾನು. ಆಗ್ಲೂ ನೀನು ನೋಡ್ದೆ ಬರೆದ್ರೆ, ಇನ್ಯಾರದೋ ಮಗೂಗೆ ಹೋಗಬೇಕಾದ್ದನ್ನ ನಾವು ತಿಂದಂಗಾಗುತ್ತೆ. ದೇವರು ಇವತ್ತೊಂದು ಸುಳ್ಳು ಮಾಫಿ ಮಾಡಿದ್ದಾನೆ, ವರ್ಷಕ್ಕೊಂದು ಮಾಡ್ತಾನಾ? ನೀನೇ ಬಾ. ಕಣ್ಣಾರೆ ನೋಡು, ನೋಡಿ ಬರಿ."

"ಬಂದ್ರೆ ಮತ್ತೆ ಸೋಫಾ ತರಿಸ್ತೀರಾ?"

"ಥೂ, ಹೋಗೋ! ಚಾಪೆ ಮೇಲೆ ಕೂರಿಸ್ತೀನಿ."