ಗಂಗವ್ವನ ವೆಬ್‌ಸೈಟಿನ ಸೀರೆ

ಬನಹಟ್ಟಿಯ ಗಂಗವ್ವನವರಿಗೆ ವೆಬ್‌ಸೈಟ್ ಮಾಡಿಕೊಡಲು ಹೋಗಿದ್ದೆ. ವರ್ಷಗಟ್ಟಲೆ ಅವರು ನೇಯ್ದ ಸೀರೆಗಳು ವ್ಯಾಪಾರಿಗಳ ಹೆಸರಿನಲ್ಲೇ ಮಾರಾಟವಾಗಿದ್ದವು. ಈಗ ಅವರಿಗೆ ತಮ್ಮ ಹೆಸರು ಬೇಕಿತ್ತು.

"ಈ ವೆಬ್‌ಸೈಟ್ ಎಲ್ಲಿರ್ತೈತಿ ತಮ್ಮಾ?" ಎಂದು ಕೇಳಿದರು.

"ದೂರದ ಒಂದು ಕಂಪ್ಯೂಟರ್‌ನ್ಯಾಗ್ರೀ. ಅದನ್ನ ಎಂದೂ ಬಂದ್ ಮಾಡೂದಿಲ್ಲ. ಯಾರರೆ ನಿಮ್ಮ ಹೆಸರು ಟೈಪ್ ಮಾಡಿದ್ರ, ಅಲ್ಲಿಂದ ಅವರ ಫೋನಿಗೆ ಬರ್ತೈತಿ."

ಸಿದ್ಧ ಡಿಸೈನ್ ಒಂದನ್ನು ಆರಿಸಿ, ಅವರ ಹೆಸರು ಸೇರಿಸಿ ತೋರಿಸಿದೆ. ಅದರಲ್ಲಿ ಸೀರೆ ಉಟ್ಟ ಚೆಲುವೆಯೊಬ್ಬಳ ಫೋಟೋ ಇತ್ತು. ಗಂಗವ್ವ ಕನ್ನಡಕ ಏರಿಸಿ ನೋಡಿದರು.

"ಈ ಸೀರಿ ಯಾರು ನೇಯ್ದದ್ದು?"

"ಗೊತ್ತಿಲ್ರೀ. ಡಿಸೈನ್ ಜೋಡಿ ಬಂದ ಫೋಟೋ."

"ನನ್ನ ಸೀರಿಗೆ ಮಂದಿ ತಮ್ಮ ಹೆಸರು ಹಚ್ಚಿದ್ರು. ಈಗ ನಾ ಮಂದಿ ಸೀರಿಗೆ ನನ್ನ ಹೆಸರು ಹಚ್ಲೇನು? ಮೊದಲ ಅದನ್ನ ತೆಗಿ."

ನನಗೆ ನಾಚಿಕೆಯಾಯಿತು. ಅವರು ಒಳಗೆ ಹೋಗಿ, ತಾವೇ ನೇಯ್ದ ಹಸಿರು ಸೀರೆ ಉಟ್ಟು ಬಂದು ಮಗ್ಗದ ಮುಂದೆ ಕೂತರು. "ಹಂ, ಹೊಡಿ ಫೋಟೋ."

ವಾರದೊಳಗೆ ಧಾರವಾಡದಿಂದ ಯಾರೋ ಫೋನ್ ಮಾಡಿ, ಆ ಹಸಿರು ಸೀರೆಯೇ ಬೇಕೆಂದರಂತೆ. "ಉಟ್ಟದ್ದು ಹೆಂಗ ಕೊಡ್ಲಿ? ತಡೀರಿ, ಅಂಥಾದ್ದ ಇನ್ನೊಂದು ನೇಯ್ತೇನಿ" ಎಂದರಂತೆ ಗಂಗವ್ವ.

ನಾನು ವೆಬ್‌ಸೈಟಿನಲ್ಲಿ 'ಈಗಲೇ ಖರೀದಿಸಿ' ಎಂಬ ಬಟನ್ ಇಟ್ಟಿದ್ದೆ. ಮರುದಿನವೇ ಅದನ್ನು 'ತಡೀರಿ, ನೇಯ್ತೇವಿ' ಎಂದು ತಿದ್ದಿದೆ.